ದೀನಾರದ ಮೇಲಿನ ಮುತ್ತಜ್ಜ

ರೋಮ್, ಫೆಬ್ರವರಿ ನಡುದಿನಕ್ಕೆ ಐದು ದಿನ ಮುಂಚೆ

ಸೋದರತ್ತೆ ಪಾಕಿಲಿಯಾ ಅವರಿಗೆ ಔಲಸ್ ಪಾಕಿಲಿಯಸ್ ಮಾಡುವ ನಮಸ್ಕಾರ. ನೀವು ಕ್ಷೇಮವಾಗಿದ್ದರೆ ಒಳ್ಳೆಯದು, ನಾನು ಕ್ಷೇಮ.

ಅಪ್ಪ ಇದ್ದಿದ್ದರೆ ಈ ಸುದ್ದಿ ಮೊದಲು ಅವರಿಗೆ ಹೋಗುತ್ತಿತ್ತು. ಅವರು ಹೋದ ಮೇಲೆ ನನ್ನನ್ನು ಸಾಕಿದವರು ನೀವು, ಆದ್ದರಿಂದ ನಿಮಗೇ ಮೊದಲು ಬರೆಯುತ್ತಿದ್ದೇನೆ. ಈ ವರ್ಷ ಬೆಳ್ಳಿ ನಾಣ್ಯ ಹೊಡೆಸುವ ಮೂವರು ಅಧಿಕಾರಿಗಳಲ್ಲಿ ನಾನೂ ಒಬ್ಬ. ನಿನ್ನೆ ಜೂನೋ ದೇವಿಯ ಗುಡಿಯ ಪಕ್ಕದ ಟಂಕಸಾಲೆಯಲ್ಲಿ ಮೂವರೂ ಸೇರಿದ್ದೆವು. ಸುತ್ತಿಗೆಯ ಸದ್ದಿಗೆ ಇನ್ನೂ ಕಿವಿ ಗುಂಯ್‌ಗುಡುತ್ತಿದೆ.

ದೀನಾರದ ಮೇಲೆ ಯಾವ ಚಿತ್ರ ಬರಬೇಕೆಂಬುದು ನಮಗೇ ಬಿಟ್ಟದ್ದು. ನುಮೇರಿಯಸ್ ತನ್ನ ಅಜ್ಜ ಕಟ್ಟಿಸಿದ ಸೇತುವೆ ಹಾಕಿಸುತ್ತಾನಂತೆ. ಡೆಸಿಮಸ್‌ನ ಮನೆತನದಲ್ಲಿ ಯಾರೂ ಏನೂ ಕಡಿದು ಕಟ್ಟೆ ಹಾಕಿದವರಿಲ್ಲ. ಹಾಗಾಗಿ ಅವನು ಹರ್ಕ್ಯುಲಿಸ್‌ನನ್ನು ಹಿಡಿದುಕೊಂಡಿದ್ದಾನೆ.

"ಹರ್ಕ್ಯುಲಿಸ್ ನಿಮ್ಮ ಕುಲಪುರುಷ ಅಂತ ಯಾರಯ್ಯಾ ಹೇಳಿದ್ದು?" ಎಂದು ಕೇಳಿದೆ.

"ಅಲ್ಲ ಅಂತ ಯಾರು ಹೇಳಿದ್ದಾರೆ? ಅವನೇ ಬಂದು ಹೇಳಲಿ, ತೆಗೆಸ್ತೀನಿ. ನಿಂದೇನು?"

"ನಮ್ಮನೇಲಿ ನಿಜವಾದ ಮುಖಾನೇ ಇದೆ ಕಣೋ" ಎಂದೆ.

ನಾವೆಲ್ಲ ಮುತ್ತಜ್ಜ ಎಂದೇ ಕರೆಯುವ ಲೂಸಿಯಸ್ ಒಂದು ಬದಿಗೆ ಬರಲಿ ಎಂಬುದು ನನ್ನ ಆಸೆ. ಹಿಂಬದಿಗೆ ಅವನು ಕಾರ್ಥೇಜಿನವರ ಯುದ್ಧದಲ್ಲಿ ಬಿದ್ದ ಧ್ವಜವನ್ನೆತ್ತಿಕೊಂಡು ಕುದುರೆಯ ಮೇಲೆ ಹೊಳೆ ದಾಟಿದ್ದು. ನಮ್ಮ ವಂಶದಲ್ಲಿ ತೀರ್ಪು ಕೊಡುವ ಪ್ರೇಟರ್ ಪದವಿಗೇರಿದವನು ಅವನೊಬ್ಬನೇ. ಮುಂದಿನ ವರ್ಷ ನಾನು ಚುನಾವಣೆಗೆ ನಿಲ್ಲುವವನು. ಜನ ನನ್ನ ಮುಖ ನೋಡುವ ಮೊದಲು ಅವನ ಮುಖ ನೋಡಿರಲಿ. ಆದ್ದರಿಂದ ಊರಿನ ಮನೆಯ ಕಪಾಟಿನಲ್ಲಿರುವ, ಅವನ ಮುಖದ ಅಚ್ಚಿನಿಂದ ಎರೆದ ಮೇಣದ ಮುಖವನ್ನು ಹೊಟ್ಟಿನಲ್ಲಿಟ್ಟು, ಪೆಟ್ಟಿಗೆಯಲ್ಲಿ ಕಟ್ಟಿಸಿ ಕಳಿಸಿಕೊಡಿ. ಅಚ್ಚು ಕೆತ್ತುವವನು ಫಿಲೋನ್ ಎಂಬ ಗ್ರೀಕ. ಎದುರಿಗೆ ಮುಖವಿದ್ದರೆ ಕೂದಲೆಳೆ ತಪ್ಪದಂತೆ ಕೆತ್ತುತ್ತಾನೆ.

ಮನೆಯ ಮುದುಕ ಡಾಮ ಕಳಿಸಿದ ಜೇನು ಖಾಲಿಯಾಯಿತು. ಅವನಿಗೆ ಹೇಳಿ.


ರೆಯಾತೆ, ಫೆಬ್ರವರಿ ನಡುದಿನದ ಮರುದಿನ

ಔಲಸ್‌ಗೆ ಪಾಕಿಲಿಯಾಳ ಆಶೀರ್ವಾದ. ಕ್ಷೇಮ.

ಪದವಿ ಬಂದದ್ದು ಸಂತೋಷ. ನಮ್ಮ ಮನೆತನಕ್ಕೆ ಅದು ಬರಬೇಕಾದದ್ದೇ. ಯಾರೋ ದಾನ ಕೊಟ್ಟರೆಂಬಂತೆ ಬರೆಯಬೇಡ.

ಮೇಣದ ಮುಖ ಕಳಿಸುವುದಿಲ್ಲ. ಛಳಿಗೆ ಮೇಣ ಗಾಜಿನಂತೆ ಪೆಡಸಾಗಿರುತ್ತದೆ, ರೋಮಿಗೆ ಹೋಗುವ ಉಪ್ಪಿನ ರಸ್ತೆಯ ಗುಂಡಿಗಳನ್ನು ನೀನೂ ಬಲ್ಲೆ. ಹೇಸರಗತ್ತೆ ಎರಡು ಸಲ ಎಡವಿದರೆ ನಿನ್ನ ಪೆಟ್ಟಿಗೆ ತಲುಪುವಾಗ ಅದರಲ್ಲಿ ಪ್ರೇಟರನಿರುವುದಿಲ್ಲ, ಪುಡಿಯಿರುತ್ತದೆ.

ಮನುಷ್ಯನ ಮುಖ ಹಾಕಿಸುವುದು ಈಗಿನ ಹುಡುಗರ ಚಾಳಿ. ಒಂದು ಬದಿಗೆ ಶಿರಸ್ತ್ರಾಣದ ರೋಮಾ ದೇವಿ, ಇನ್ನೊಂದು ಬದಿಗೆ ಹೊಳೆ ದಾಟುವ ಕುದುರೆ. ಅಷ್ಟು ಸಾಕು. ಕೆಲಸ ಮಾಡಿದವನಿಗೆ ಮೂಗು ತೋರಿಸುವ ಅಗತ್ಯವಿಲ್ಲ.

ಜೇನು ಕಳಿಸಿದ್ದೇನೆ. ಎರಡು ಜಾಡಿ.


ರೋಮ್, ಮಾರ್ಚ್ ಮೊದಲ ದಿನ

ಅತ್ತೆಗೆ ಔಲಸ್‌ನ ನಮಸ್ಕಾರ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನೀವು ಹೇಳಿದ ಕಾರಣಗಳು ಕಾರಣಗಳಂತೆ ಕಾಣಲಿಲ್ಲ. ಛಳಿ ಇನ್ನು ಹದಿನೈದು ದಿನವೂ ಇರದು. ತಾತನ ಶವಯಾತ್ರೆಯಲ್ಲಿ ನಟನೊಬ್ಬ ಕಟ್ಟಿಕೊಂಡು ನಡೆಯಲೆಂದು ಅದೇ ಮುಖ ಅದೇ ರಸ್ತೆಯಲ್ಲಿ ರೋಮಿಗೆ ಬಂದು ಹೋಗಿದೆಯಲ್ಲ? ಆಗ ಪುಡಿಯಾಗಲಿಲ್ಲ.

ನಾನು ಇನ್ನೂ ಏನೂ ಸಾಧಿಸಿಲ್ಲ, ಪ್ರೇಟರನ ಮುಖದ ಪಕ್ಕ ನನ್ನ ಹೆಸರು ಬರುವುದು ನಿಮಗೆ ಹಿಡಿಸುತ್ತಿಲ್ಲ. ನನಗೆ ತೋಚಿದ್ದು ಇಷ್ಟೇ. ಚಿಕ್ಕವನಿದ್ದಾಗ ಹಬ್ಬದ ದಿನ ಕಪಾಟು ತೆರೆದರೆ ಎಲ್ಲ ಮುಖಗಳನ್ನೂ ಮುಟ್ಟಲು ಬಿಡುತ್ತಿದ್ದಿರಿ. ಅದೊಂದನ್ನು ಮುಟ್ಟಲು ಹೋದರೆ ಕೈಗೆ ಏಟು. "ನೀನಿನ್ನೂ ಅದಕ್ಕೆ ಲಾಯಕ್ಕಲ್ಲ" ಎನ್ನುತ್ತಿದ್ದಿರಿ. ಆ ಮಾತು ಇವತ್ತಿಗೂ ಜಾರಿಯಲ್ಲಿದೆ ಎಂದು ತಿಳಿಯಲೇ?

ನುಮೇರಿಯಸ್‌ನ ಸೇತುವೆಯ ಅಚ್ಚು ತಯಾರಾಯಿತು. ನನ್ನ ಸರದಿಗೆ ಫಿಲೋನ್ ಕೈಕಟ್ಟಿ ಕೂತಿದ್ದಾನೆ.


ರೆಯಾತೆ, ಮಾರ್ಚ್ ನಡುದಿನಕ್ಕೆ ಎಂಟು ದಿನ ಮುಂಚೆ

ಔಲಸ್‌ಗೆ ಪಾಕಿಲಿಯಾಳ ಆಶೀರ್ವಾದ.

ಲಾಯಕ್ಕಿನ ಮಾತನ್ನು ನೀನು ಇಪ್ಪತ್ತು ವರ್ಷ ಜೋಪಾನ ಮಾಡಿದ್ದೀ ಎಂದು ಗೊತ್ತಿರಲಿಲ್ಲ. ನಿನ್ನನ್ನು ಹಾಗೆ ತಿಳಿದಿದ್ದರೆ ಓದು ಬರಹ ಕಲಿಸಿ ರೋಮಿಗೆ ಕಳಿಸುತ್ತಿರಲಿಲ್ಲ, ಇಲ್ಲೇ ಹೇಸರಗತ್ತೆ ಕಾಯಲು ಹಚ್ಚುತ್ತಿದ್ದೆ.

ನಾನು ಹೆಣ್ಣು. ನನಗೆ ಪದವಿ ಬರುವುದಿಲ್ಲ, ಸತ್ತ ಮೇಲೆ ಮೇಣದ ಮುಖವೂ ಆಗುವುದಿಲ್ಲ. ಸ್ವಂತ ಹೆಸರು ಸಹ ಇಲ್ಲ, ಇರುವುದು ಮನೆತನದ ಹೆಸರೊಂದೇ. ಗಂಡ ತೀರಿದ ಮೇಲೆ ತವರಿಗೆ ಬಂದು ಆ ಕಪಾಟಿನ ಕೀಲಿ ಇಟ್ಟುಕೊಂಡಿದ್ದೇನೆ. ಅದನ್ನು ಹೇಗೆ ಕಾಯಬೇಕೆಂದು ನನಗೆ ಬಿಡು.

ಮುಖ ಬೇಕೇ ಬೇಕೆಂದರೆ ಬರೆದು ಕೊಡುತ್ತೇನೆ, ಗ್ರೀಕನಿಗೆ ಓದಿ ಹೇಳು. ಹಣೆ ಕಿರಿದು. ಮೂಗು ಗಿಡುಗನ ಕೊಕ್ಕಿನಂತೆ ನಡುವೆ ಏರಿ ತುದಿಯಲ್ಲಿ ಬಾಗಿದೆ. ಎಡಗೆನ್ನೆಯಲ್ಲಿ ಕಿವಿಯಿಂದ ಬಾಯಿಯ ಮೂಲೆಯವರೆಗೆ ಈಟಿಯ ಗಾಯದ ಗೆರೆ. ಕೆಳತುಟಿ ತೆಳು, ಬಿಗಿ ಹಿಡಿದದ್ದು. ಇಷ್ಟರಿಂದ ಕೆತ್ತಲಾರದವನು ಕೆತ್ತುವವನಲ್ಲ.

ನಾಳೆ ಮಗಳ ಹೆರಿಗೆಗೆ ಇಂಟೆರಾಮ್ನಾಕ್ಕೆ ಹೋಗುತ್ತಿದ್ದೇನೆ. ಒಂದು ತಿಂಗಳು ಪತ್ರ ಬರೆಯಬೇಡ.


ರೋಮ್, ಏಪ್ರಿಲ್ ನಡುದಿನಕ್ಕೆ ಮೂರು ದಿನ ಮುಂಚೆ

ಅತ್ತೆಗೆ ಔಲಸ್‌ನ ನಮಸ್ಕಾರ. ಮಗಳೂ ಮೊಮ್ಮಗುವೂ ಕ್ಷೇಮವೆಂದು ಕೇಳಿ ಸಂತೋಷವಾಯಿತು.

ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನೀವು ಊರಲ್ಲಿಲ್ಲದಾಗ ನಾನು ಫಿಲೋನ್‌ನನ್ನು ಕರೆದುಕೊಂಡು ಮನೆಗೆ ಹೋಗಿದ್ದೆ. ಮುಖವನ್ನು ಕಪಾಟಿನಿಂದ ಕದಲಿಸಲಿಲ್ಲ, ಆಣೆ. ಕೀಲಿ ನಿಮ್ಮ ಬಳಿ ಇತ್ತು, ಬಾಗಿಲ ತಿರುಗಣೆಯನ್ನು ಬಿಚ್ಚಿದೆವು, ಆಮೇಲೆ ಹಾಗೆಯೇ ಕೂಡಿಸಿದೆವು. ಬಾಗಿಲು ತೆರೆಯಬೇಕಾಗಿ ಬಂದಾಗ ಡಾಮ ಮೊದಲು ಒಪ್ಪಲಿಲ್ಲ. "ಅಮ್ಮಾವ್ರು ಬರ್ಲಿ ಬುದ್ಧಿ" ಎಂದ. ನಾನು ಸ್ವಲ್ಪ ಗದರಬೇಕಾಯಿತು. ಆಮೇಲೆ ಅವನೇ ಕಂಚಿನ ಕನ್ನಡಿ ಹಿಡಿದು ನಿಂತು, ಅಂಗಳದ ಬಿಸಿಲನ್ನು ಕಪಾಟಿನೊಳಕ್ಕೆ ಹಾಯಿಸಿದ. ಮಧ್ಯಾಹ್ನವೆಲ್ಲ ಫಿಲೋನ್ ಅಂಗೈಯಗಲದ ಮೇಣದಲ್ಲಿ ಪಕ್ಕನೋಟ ತಿದ್ದಿಕೊಂಡ. ಮುದುಕ ಡಾಮ ಕೈ ಅಲುಗಿಸದೆ ನಿಂತಿದ್ದ.

ನಿಮ್ಮ ವಿವರಣೆಯನ್ನು ಓದಿ ಹೇಳಿದಾಗ ಫಿಲೋನ್ ನಕ್ಕುಬಿಟ್ಟ. "ನಿಮ್ಮ ಅತ್ತೆಯವರು ಯಾವ ಕಪಾಟು ನೋಡಿದ್ರೋ! ಇಲ್ಲಿ ಗಾಯಾನೂ ಇಲ್ಲ, ಗಿಡುಗಾನೂ ಇಲ್ಲ. ಮೂಗು ನೆಟ್ಟಗಿದೆ, ಹಣೆ ಅಗಲ." ಅತ್ತೆ, ಬೇಸರ ಮಾಡಿಕೊಳ್ಳಬೇಡಿ, ನೆನಪು ಯಾರಿಗೂ ಹಾಗೆಯೇ.

ಅಚ್ಚು ಆಯಿತು. ಮೊದಲ ದಿನ ನಾನೇ ನಿಂತು ನೋಡಿದೆ. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ಕಾದ ಬೆಳ್ಳಿಯ ಬಿಲ್ಲೆ, ಒಂದೇ ಏಟು. ಇಕ್ಕಳದಿಂದ ತೆಗೆದರೆ ಮುತ್ತಜ್ಜ ನನ್ನ ಕಡೆ ನೋಡದೆ ಬಲಕ್ಕೆ ನೋಡುತ್ತಿದ್ದ. ಅಂಚಿನಲ್ಲಿ ನನ್ನ ಹೆಸರು, ಔಲಸ್ ಪಾಕಿಲಿಯಸ್. ಆ ಬದಿಗೆ ಹೊಳೆ, ಕುದುರೆ, ಧ್ವಜ.

ಮುದುಕ ವೊಲುಸಿಯಸ್‌ಗೆ ಒಂದನ್ನು ತೋರಿಸಿದೆ. ಸೆನೆಟ್ಟಿನಲ್ಲಿ ಅವನಿಗಿಂತ ಹಿರಿಯರು ಇಬ್ಬರೇ ಉಳಿದಿದ್ದಾರೆ. ಕಣ್ಣಿನ ಹತ್ತಿರ ಹಿಡಿದು ನೋಡಿ, "ಈ ಮುಖ ನಾನು ಮರೀತೀನಾ? ನಿಮ್ಮ ತಾತ ಸತ್ತಾಗ ಹೆಣದ ಮುಂದೆ ನಡೀತಾ ಇದ್ದನಲ್ಲ, ಕೆಂಪಂಚಿನ ಉಡುಪು ಹಾಕ್ಕೊಂಡು! ನಾನು ಎದ್ದು ನಿಂತೆ ಕಣಯ್ಯಾ. ನೋಡ್ದೇಟಿಗೇ ಗೊತ್ತಾಗ್ತದೆ ದೊಡ್ಡ ವಂಶ ಅಂತ. ಮೂಗು ನಿಂದೇ" ಎಂದ.

ಒಂದನ್ನು ಇದರೊಂದಿಗೆ ಕಳಿಸಿದ್ದೇನೆ. ನೋಡಿದರೆ ನಿಮ್ಮ ಸಿಟ್ಟು ಇಳಿಯುತ್ತದೆಂದು ನಂಬಿದ್ದೇನೆ.


ರೆಯಾತೆ, ಏಪ್ರಿಲ್ ನಡುದಿನಕ್ಕೆ ಎರಡು ದಿನ ಕಳೆದು

ಔಲಸ್‌ಗೆ ಪಾಕಿಲಿಯಾ ಬರೆಯುವುದು.

ಈ ಪತ್ರವನ್ನು ಗುಮಾಸ್ತನಿಂದ ಬರೆಸಿಲ್ಲ, ನಾನೇ ಬರೆದಿದ್ದೇನೆ. ನೀನೊಬ್ಬನೇ ಓದು, ಓದಿ ಸುಟ್ಟುಬಿಡು.

ನಾಣ್ಯ ನೋಡಿದೆ. ಕೆತ್ತನೆ ಚೆನ್ನಾಗಿದೆ. ಆ ಮುಖ ಡಾಮನದು.

ನನಗಾಗ ಹದಿನಾಲ್ಕು. ಸ್ಯಾಟರ್ನನ ಹಬ್ಬ. ಅಪ್ಪ ರೋಮಿನಲ್ಲಿದ್ದರು, ಕಪಾಟಿನ ಬಾಗಿಲುಗಳು ಹಬ್ಬಕ್ಕೆಂದು ತೆರೆದಿದ್ದವು. ಆಳುಗಳು ಯಜಮಾನರಾಗುವ, ಯಜಮಾನರು ಆಳುಗಳಾಗುವ ದಿನ ಅದು. ಎಲ್ಲರೂ ಏನೇನೋ ಆಗಬಹುದಾದರೆ ನಾನು ಪ್ರೇಟರ್ ಆಗುತ್ತೇನೆಂದು ಮುತ್ತಜ್ಜನ ಮುಖವನ್ನು ತೆಗೆದು ಕಟ್ಟಿಕೊಂಡೆ. ಅಡುಗೆಯಂಗಳದಲ್ಲಿ ರೊಟ್ಟಿಯ ಒಲೆಯ ಮುಂದೆ ನಿಂತು ತೀರ್ಪು ಕೊಡತೊಡಗಿದೆ. ಮೀನು ಕದ್ದ ಬೆಕ್ಕಿಗೆ ಗಡೀಪಾರು, ಸಾರಿಗೆ ಉಪ್ಪು ಮರೆತವಳಿಗೆ ದಂಡ. ಎಲ್ಲರೂ ನಗುತ್ತಿದ್ದರು. ನಾನು ಬಹಳ ಹೊತ್ತು ನಿಂತೆ. ಆ ಪದವಿಯಿಂದ ಇಳಿಯಲು ಮನಸ್ಸಿರಲಿಲ್ಲ. ಕೊನೆಗೆ ಮುಖ ಬಿಚ್ಚಿದಾಗ ಮೂಗು ಕರಗಿ ಗದ್ದದ ಮೇಲಿತ್ತು. ಗಾಯದ ಗೆರೆ ಎಲ್ಲಿ ಹೋಯಿತೋ ಕಾಣಲಿಲ್ಲ.

ಮನೆಯಲ್ಲಿ ಮೇಣ ಬಲ್ಲವನು ಜೇನು ಸಾಕುವ ಡಾಮ ಒಬ್ಬನೇ. ಸಿರಿಯಾದಿಂದ ತಂದ ಆಳು, ಆಗ ಇಪ್ಪತ್ತರ ಆಸುಪಾಸು. ನಾನು ಅಳುತ್ತಿದ್ದೆ. ಅವನು ಮುಖವನ್ನು ತಿರುವಿ ನೋಡಿ, "ಅಚ್ಚು ಬೇಕು ಸಣ್ಣಮ್ಮ, ಅಚ್ಚಿಗೆ ಮುಖ ಬೇಕು" ಎಂದ. ಮೂಗಿನಲ್ಲಿ ಎರಡು ಹುಲ್ಲುಕಡ್ಡಿ ಇಟ್ಟುಕೊಂಡು ಮಲಗಿ, ತನ್ನ ಮುಖಕ್ಕೆ ಜಿಪ್ಸಮ್ಮಿನ ಗಾರೆ ಹಾಕಿಸಿಕೊಂಡ. ಹಾಕಿದವಳು ನಾನೇ. ಅದೇ ಹಳೆಯ ಮೇಣ ಕರಗಿಸಿ ಎರಕ ಹೊಯ್ದ. ಮಸಿ, ಕೆಮ್ಮಣ್ಣು ಬಳಿದು ಸುಕ್ಕು ಗೀರಿದ. ಮೇಣ ಪ್ರೇಟರನದೇ, ಉಳಿದದ್ದೆಲ್ಲ ಡಾಮನದು.

ಹತ್ತು ದಿನಕ್ಕೆ ಅಪ್ಪ ಬಂದರು. ಕಪಾಟು ತೆರೆದು ನೋಡಿ, "ಅಜ್ಜ ಇವತ್ತು ಶಾಂತವಾಗಿದ್ದಾನೆ" ಎಂದರು. ಅಷ್ಟೇ. ಮುಂದೆ ಅಪ್ಪ ಸತ್ತಾಗ ಅದೇ ಮುಖ ಕಟ್ಟಿಕೊಂಡು ಬಾಡಿಗೆಯ ನಟ ಹೆಣದ ಮುಂದೆ ನಡೆದ. ನಿನ್ನ ವೊಲುಸಿಯಸ್ ಎದ್ದು ನಿಂತದ್ದು ಅವನಿಗೆ. ನಿನಗೆ ಹೇಳಿದ ಗಿಡುಗನ ಮೂಗು ನನ್ನ ನೆನಪಿನದು. ಈಗ ಭೂಮಿಯ ಮೇಲೆ ಆ ಮೂಗು ಇರುವುದು ನನ್ನ ತಲೆಯೊಳಗೆ ಮಾತ್ರ.

ಐವತ್ತು ವರ್ಷದಲ್ಲಿ ಡಾಮ ಒಂದು ದಿನವೂ ಇದನ್ನು ಎತ್ತಿಲ್ಲ. ನಾನೂ ಎತ್ತಿಲ್ಲ. ಉಪಕಾರವಾಯಿತೆಂದೂ ಹೇಳಿಲ್ಲ. ಅಪ್ಪ ತಮ್ಮ ಮರಣಶಾಸನದಲ್ಲಿ ಅವನನ್ನು ಬಿಡುಗಡೆ ಮಾಡಿದರು, ಒಳ್ಳೆಯ ಜೇನಿಗಾಗಿ.

ಅವನು ಇಡೀ ಮಧ್ಯಾಹ್ನ ನಿಮಗೆ ಕನ್ನಡಿ ಹಿಡಿದು ನಿಂತಿದ್ದನೆಂದು ಬರೆದಿದ್ದೀ. ಮುಖ ನೋಡುವುದೇ ಕಸುಬಾದವನು ನಿನ್ನ ಗ್ರೀಕ. ಅವನೂ ನೋಡಲಿಲ್ಲ, ನೀನೂ ನೋಡಲಿಲ್ಲ.

ಅಚ್ಚು ಒಡೆಸು. ಸತ್ತವರ ಮುಖವನ್ನೇ ನಾಣ್ಯಕ್ಕೆ ಹಾಕಿಸಲು ಹಿಂಜರಿಯುವ ಊರು ನಮ್ಮದು. ಬದುಕಿರುವವನ ಮುಖ ಹಾಕಿಸುವುದು ಪೂರ್ವ ದೇಶದ ರಾಜರು. ಗೊತ್ತಾದರೆ ನೀನೂ ಉಳಿಯುವುದಿಲ್ಲ, ಮನೆತನದ ಹೆಸರೂ ಉಳಿಯುವುದಿಲ್ಲ.


ರೋಮ್, ಏಪ್ರಿಲ್ ಮುಗಿಯಲು ಐದು ದಿನ ಇರುವಾಗ

ಅತ್ತೆಗೆ ಔಲಸ್‌ನ ನಮಸ್ಕಾರ.

ಪತ್ರ ಸುಟ್ಟೆ.

ಅಚ್ಚು ಒಡೆಸಲಾರೆ. ಒಡೆಸಬೇಕಾದರೆ ಕಾರಣ ಹೇಳಬೇಕು. ಆಗಲೇ ಹದಿನೇಳು ಅಚ್ಚು ಸವೆದಿವೆ, ಗಾಲ್ ಸೀಮೆಯ ಸೈನಿಕರಿಗೆ ಸಂಬಳವಾಗಿ ನಾಣ್ಯ ಗಾಡಿಗಟ್ಟಲೆ ಹೋಗಿದೆ. ಮೊಸಳೆ ನುಂಗಿದ್ದನ್ನು ಕಕ್ಕಿಸಬಹುದು, ಸೈನಿಕನ ಸಂಬಳವನ್ನು ಕಕ್ಕಿಸಲಾಗದು.

ನಾನು ಯೋಚಿಸಿ ನೋಡಿದೆ. ಮೇಣದ ಮುಖ ಒಂದು ಸಾಕ್ಷಿಯಲ್ಲ, ಎಲ್ಲರೂ ಅದನ್ನು ಪ್ರೇಟರನದೆಂದೇ ನಂಬಿದ್ದಾರೆ. ಸಾಕ್ಷಿ ಇರುವುದು ಒಂದೇ. ಅದು ರೆಯಾತೆಯ ಸಂತೆಯಲ್ಲಿ ಎಂಟು ದಿನಕ್ಕೊಮ್ಮೆ ಜೇನು ಮಾರುತ್ತದೆ. ನನ್ನ ದೀನಾರ ಇಷ್ಟರಲ್ಲೇ ಅಲ್ಲಿಗೂ ಬರುತ್ತದೆ. ಯಾರೋ ಒಬ್ಬ ಜೇನು ಕೊಂಡು ಅವನ ಕೈಗೇ ಅದನ್ನು ಹಾಕುತ್ತಾನೆ. ಡೆಸಿಮಸ್‌ಗೆ ಸುಳಿವು ಸಿಕ್ಕರೆ ಸಾಕು. "ಪಾಕಿಲಿಯಸ್‌ನ ಮುತ್ತಜ್ಜ ಜೇನು ಮಾರ್ತಾನೆ, ಬನ್ನಿ ತೋರಿಸ್ತೀನಿ" ಎಂದು ಊರೂರು ಸಾರುತ್ತಾನೆ.

ಸಿಸಿಲಿಯಲ್ಲಿ ನಮ್ಮ ಗೋಧಿ ಹೊಲದ ಪಕ್ಕ ಒಂದು ಗುಡಿಸಲಿದೆ. ಡಾಮನನ್ನು ಅಲ್ಲಿಗೆ ಕಳಿಸಿಬಿಡಿ. ಅವನಿಗೇನೂ ಕೊರತೆ ಮಾಡುವುದು ಬೇಡ, ಅಲ್ಲೂ ಜೇನುಗೂಡುಗಳಿವೆ. ಹಡಗಿನ ಏರ್ಪಾಡು ನನ್ನದು. ಬಿಡುಗಡೆಯಾದವನಾದರೂ ಮನೆಯ ಮಾತು ಮೀರುವಂತಿಲ್ಲ. ನೀವು ಹೇಳಿದರೆ ಹೋಗುತ್ತಾನೆ.

ಇಷ್ಟು ನನಗಾಗಿ ಮಾಡಿ.


ರೆಯಾತೆ, ಮೇ ಎಂಟನೆಯ ದಿನ

ಔಲಸ್‌ಗೆ ಪಾಕಿಲಿಯಾಳ ಆಶೀರ್ವಾದ.

ನಿನ್ನ ಪತ್ರ ತಲುಪಿತು. ಅವನ ಪೂರ್ತಿ ಹೆಸರು ನಿನಗೆ ನೆನಪಿದೆಯೋ ಇಲ್ಲವೋ. ಬಿಡುಗಡೆ ಮಾಡಿದ ನಿನ್ನ ತಾತನ ಹೆಸರೇ ಅವನಿಗೆ ಬಂದದ್ದು. ಔಲಸ್ ಪಾಕಿಲಿಯಸ್ ಡಾಮ.

ಎಪ್ಪತ್ತು ದಾಟಿದವನು. ಹಡಗು ಹತ್ತಿದವರಲ್ಲಿ ಆ ವಯಸ್ಸಿನವರೆಷ್ಟು ಜನ ಇಳಿಯುತ್ತಾರೆಂದು ನೀನು ಲೆಕ್ಕ ಹಾಕಿರಲಾರೆ ಎಂದುಕೊಳ್ಳುತ್ತೇನೆ.

ಮಾಡಬೇಕಾದದ್ದನ್ನು ಮಾಡುತ್ತೇನೆ.


ರೋಮ್, ಜೂನ್ ಮೊದಲ ದಿನ

ಅತ್ತೆಗೆ ಔಲಸ್‌ನ ನಮಸ್ಕಾರ.

ನೀವು ಒಪ್ಪಿದಿರೆಂದು ಓದಿ ಮನಸ್ಸು ಹಗುರಾಯಿತು. ಕಷ್ಟದ ಕೆಲಸವೆಂದು ಬಲ್ಲೆ. ಡಾಮ ಹತ್ತಿದನೆಂದು ಹಡಗಿನವನು ಇನ್ನೂ ಹೇಳಿ ಕಳಿಸಿಲ್ಲ, ಬಹುಶಃ ನೀವು ಬೇರೆ ಹಡಗು ನೋಡಿರಬೇಕು. ಮುದುಕನಿಗೆ ಒಂದು ಒಳ್ಳೆಯ ಕಂಬಳಿ ಕೊಡಿಸಿ, ನನ್ನ ಹೆಸರಿನಲ್ಲಿ.

ಇಲ್ಲಿ ಎಲ್ಲ ಸುಸೂತ್ರ. ನನ್ನ ದೀನಾರ ಡೆಸಿಮಸ್‌ನ ಹರ್ಕ್ಯುಲಿಸ್‌ನನ್ನು ಮೂಲೆಗೆ ತಳ್ಳಿದೆ. ಸ್ನಾನದ ಮನೆಯಲ್ಲಿ ಗುರುತಿಲ್ಲದವರು ಬಂದು, "ನೀವೇ ಅಲ್ವಾ ಆ ಹೊಳೆ ದಾಟಿದವರ ವಂಶದವರು? ಮುಖದಲ್ಲೇ ಬರ್ದಿದೆ" ಎನ್ನುತ್ತಾರೆ. ಮೊದಮೊದಲು ಮುಜುಗರವಾಗುತ್ತಿತ್ತು. ಈಗ ಇಲ್ಲ. ನಿನ್ನೆ ಕನ್ನಡಿಯಲ್ಲಿ ನೋಡಿಕೊಂಡೆ. ಮೂಗು ಸ್ವಲ್ಪ ಹೌದೇನೋ ಅನ್ನಿಸಿತು.


ರೆಯಾತೆ, ಜೂನ್ ನಡುದಿನದ ಮರುದಿನ

ಔಲಸ್‌ಗೆ ಪಾಕಿಲಿಯಾಳ ಆಶೀರ್ವಾದ. ಕ್ಷೇಮ.

ಡಾಮನನ್ನು ಕಳಿಸಿಲ್ಲ. ಕಳಿಸುತ್ತೇನೆಂದು ನಾನು ಬರೆದಿರಲಿಲ್ಲ, ನೀನು ಹಾಗೆ ಓದಿಕೊಂಡೆ.

ಮಾಡಿದ್ದು ಏನೆಂದು ಹೇಳುತ್ತೇನೆ. ನಿನ್ನೆ ಸಂತೆಯ ದಿನ. ಮನೆಯಿಂದ ಹೊರಟು ಡಾಮನನ್ನು ಜೊತೆಗೆ ಕರೆದೆ. ಅವನು ರೂಢಿಯಂತೆ ನಾಲ್ಕು ಹೆಜ್ಜೆ ಹಿಂದೆ ಬಂದ. "ಪಕ್ಕದಲ್ಲಿ ನಡಿ" ಎಂದೆ. "ಯಾಕೆ ಸಣ್ಣಮ್ಮ, ಕಣ್ಣು ಮಂಜಾಗಿದ್ಯಾ?" ಎಂದು ಕೇಳಿದ. ಅರುವತ್ತನಾಲ್ಕಾದರೂ ಅವನಿಗೆ ನಾನು ಸಣ್ಣಮ್ಮನೇ.

ನಿನ್ನ ದೀನಾರ ಸಂತೆಗೆ ಬಂದು ಹತ್ತು ದಿನವಾಗಿದೆ. ಹಸುವಿನ ದಲ್ಲಾಳಿಗಳ ಬಳಿ, ಬಟ್ಟೆಯಂಗಡಿಯಲ್ಲಿ, ಎಲ್ಲೆಲ್ಲೂ ಇದೆ. ಡಾಮ ಪಕ್ಕದಲ್ಲಿ ನಡೆಯುತ್ತಿರಲು ಸಂತೆಯನ್ನು ಈ ತುದಿಯಿಂದ ಆ ತುದಿಗೆ ಎರಡು ಸಲ ಸುತ್ತಿದೆ. ನನ್ನನ್ನು ಕಂಡವರು ಎದ್ದು ನಿಂತರು, ದಾರಿ ಬಿಟ್ಟರು. "ನಿಮ್ಮ ಮುತ್ತಜ್ಜನವರ ನಾಣ್ಯ ಬಂತಲ್ಲ ಅಮ್ಮಾವ್ರೆ, ಊರಿಗೇ ಹೆಮ್ಮೆ" ಎಂದರು. ಹೇಳುವಾಗ ಕೆಲವರ ಮುಷ್ಟಿಯಲ್ಲಿ ಅದು ಇತ್ತು. ಡಾಮನ ಮುಖವನ್ನು ಯಾರೂ ನೋಡಲಿಲ್ಲ. ಅವನ ಕೈಯಲ್ಲಿದ್ದ ಬುಟ್ಟಿಯನ್ನು ನೋಡಿದರು.

ಇಲ್ಲಿಗೆ ಮುಗಿಸಿ ಮನೆಗೆ ಹೋಗಬಹುದಿತ್ತು. ನಿನ್ನ ಭಯ ಸುಳ್ಳೆಂದು ಗೊತ್ತಾಗಿತ್ತು. ಆದರೆ ನನಗೆ ಸಮಾಧಾನವಾಗಲಿಲ್ಲ. ಉಪ್ಪು ಮಾರುವ ತುರ್ಪಿಯೊನ ಅಂಗಡಿಗೆ ಹೋದೆ. ಅಲ್ಲಿ ಯಾವಾಗಲೂ ಎಂಟು ಹತ್ತು ಜನ ಹರಟುತ್ತಿರುತ್ತಾರೆ. ಉಪ್ಪು ಅಳೆಯಲು ಹೇಳಿ ನಿನ್ನ ದೀನಾರವನ್ನು ಹಲಗೆಯ ಮೇಲಿಟ್ಟೆ.

ತುರ್ಪಿಯೊ ಅದನ್ನು ಹಲಗೆಗೆ ಬಡಿದು ಸದ್ದು ನೋಡಿದ, ಆಮೇಲೆ ಮುಖ ನೋಡಿದ. "ಕಣ್ಣು ನಿಮ್ಮದೇ ಅಮ್ಮಾವ್ರೆ. ಹಂಗೇ ಕೊಯ್ದಿಟ್ಟಂಗಿದೆ." ನಂತರ ಡಾಮನಿಗೆ, "ಏ ಮುದ್ಕಾ, ಚೀಲದ ಬಾಯಿ ಸರಿಯಾಗಿ ಅಗಲಿಸೋ, ಉಪ್ಪೆಲ್ಲ ನೆಲಕ್ಕೆ ಹೋಗ್ತಾ ಇದೆ" ಎಂದ.

ಡಾಮ ಬಗ್ಗಿ ಚೀಲ ಅಗಲಿಸಿದ. ಬಿಸಿಲು ಅವನ ಮುಖದ ಬಲಮಗ್ಗುಲಿಗೆ ಬಿದ್ದಿತ್ತು. ನಾಣ್ಯ ಅವನ ಮೂಗಿನಿಂದ ಒಂದು ಮೊಳ ದೂರದಲ್ಲಿತ್ತು.

ಆಗ ನಾನು ಹೇಳಿದೆ. ಗಟ್ಟಿಯಾಗಿಯೇ ಹೇಳಿದೆ, ಎಲ್ಲರಿಗೂ ಕೇಳುವಂತೆ.

"ತುರ್ಪಿಯೊ, ಆ ನಾಣ್ಯದ ಮೇಲಿರೋದು ನನ್ನ ಮುತ್ತಜ್ಜ ಅಲ್ಲ. ಇಗೋ, ಇವನು."

ನನಗೆ ಆ ಹೊತ್ತಿನಲ್ಲಿ ನಿನ್ನ ಚುನಾವಣೆ ನೆನಪಾಗಲಿಲ್ಲ. ಮನೆತನದ ಹೆಸರೂ ನೆನಪಾಗಲಿಲ್ಲ. ಅದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ. ತುರ್ಪಿಯೊ ನಾಣ್ಯ ನೋಡಿದ, ನನ್ನನ್ನು ನೋಡಿದ. ಅವನು ಡಾಮನ ಕಡೆ ಕತ್ತು ತಿರುಗಿಸತೊಡಗಿದ್ದ.

ಮೊದಲು ನಕ್ಕವನು ಡಾಮ. ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು, ಚೀಲ ಕೆಳಗೆ ಬಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕ. ಎದೆ ಸೆಟೆಸಿ ಬಲಕ್ಕೆ ತಿರುಗಿ, ಮೂತಿ ಬಿಗಿದು, "ಏ ತುರ್ಪಿಯೊ! ಪ್ರೇಟರಿಗೆ ಉಪ್ಪು ಕಮ್ಮಿ ಹಾಕ್ತೀಯಾ? ಹಾಕೋ ಇನ್ನೊಂದು ಹಿಡಿ!" ಎಂದು ಅಬ್ಬರಿಸಿದ. ಅಂಗಡಿಗೆ ಅಂಗಡಿಯೇ ಬಿದ್ದು ಬಿದ್ದು ನಕ್ಕಿತು. ತುರ್ಪಿಯೊ ಕಣ್ಣೊರೆಸಿಕೊಳ್ಳುತ್ತ, "ನಲವತ್ತು ವರ್ಷದಿಂದ ನೋಡ್ತಿದೀನಿ, ಅಮ್ಮಾವ್ರು ತಮಾಷೆ ಮಾಡಿದ್ದು ಇದೇ ಮೊದಲು!" ಎಂದ. ಒಂದು ಹಿಡಿ ಉಪ್ಪು ಹೆಚ್ಚಿಗೆ ಹಾಕಿದ. ಆ ಮಾತು ಸಂಜೆಯೊಳಗೆ ಊರೆಲ್ಲ ಹರಡಿತು. ಈಗ ಡಾಮನನ್ನು ಕಂಡ ಮಕ್ಕಳು "ಪ್ರೇಟರ್, ಪ್ರೇಟರ್" ಎಂದು ಕೂಗಿ ಓಡುತ್ತವೆ. ನಾಳೆ ಯಾರಿಗಾದರೂ ನಿಜವಾಗಿಯೇ ಹೋಲಿಕೆ ಕಂಡರೂ ಅವರು ಅದನ್ನು ನನ್ನ ತಮಾಷೆ ಎಂದೇ ತಿಳಿಯುತ್ತಾರೆ.

ಬರುವಾಗ ದಾರಿಯಲ್ಲಿ ಕೇಳಿದೆ, "ಯಾಕೆ ನಕ್ಕೆ?"

ಅವನು ದಾರಿಯ ಕಲ್ಲೊಂದನ್ನು ಕಾಲಿನಿಂದ ಬದಿಗೆ ಸರಿಸಿದ. ಆಮೇಲೆ, "ನಿಮ್ಮಪ್ಪಾವ್ರ ಮೆರವಣಿಗೇಲಿ ನಾನು ಹೆಣದ ಮುಂದೂ ನಡ್ದೆ, ಹಿಂದೂ ನಡ್ದೆ ಸಣ್ಣಮ್ಮ. ಮುಂದೆ ಹೋಗ್ತಿದ್ದವನನ್ನ ನೋಡಿ ಎಲ್ರೂ ಎದ್ದು ನಿಂತ್ರು. ಹಿಂದೆ ಪಂಜು ಹಿಡ್ಕೊಂಡಿದ್ದೋನ್ಗೆ ಒಬ್ಬ ಬಂದು, 'ಸರ್ಕೋ, ಕಾಣಿಸ್ತಿಲ್ಲ' ಅಂದ. ಅವತ್ತು ಮನೆಗೆ ಬಂದು ಒಬ್ನೇ ಕೂತು ಬೇಕಾದಷ್ಟು ನಕ್ಕಿದ್ದೀನಿ. ಇವತ್ತು ಜೊತೆಗೆ ಜನ ಸಿಕ್ರು, ಅಷ್ಟೇಯ" ಎಂದ.

ಅವತ್ತಿನ ಉಪಕಾರಕ್ಕೆ ಏನು ಬೇಕು ಕೇಳು ಎಂದೆ. ಐವತ್ತು ವರ್ಷ ತಡವಾಯಿತು ಎಂದೂ ಹೇಳಿದೆ. ಉಪ್ಪಿನ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು, "ಕಿವಿ ಸರಿಯಾಗಿ ಬಂದಿಲ್ಲ. ಚಿಕ್ಕ ಬುದ್ಧಿಯವ್ರಿಗೆ ಹೇಳಿ, ಮುಂದಿನ ಸಲ ಕಿವಿ ನೋಡ್ಕೊಂಡು ಕೆತ್ಲಿ" ಎಂದ. ಹೇಳಿದ್ದೇನೆ.

ನೀನು ನೆಮ್ಮದಿಯಾಗಿರು. ಗುಟ್ಟು ಭದ್ರವಾಗಿದೆ. ಅದನ್ನು ನಾನು ಬೀದಿಗೆ ಎಸೆದೆ, ಎತ್ತಿ ಒಳಗಿಟ್ಟವನು ಅವನು. ಎರಡನೆಯ ಸಲ.

ಡಾಮ ಎಲ್ಲಿಗೂ ಹೋಗುವುದಿಲ್ಲ. ಕಂಬಳಿ ಕೊಡಿಸುವುದಿದ್ದರೆ ನೀನೇ ತಂದುಕೊಡು. ಚುನಾವಣೆಯಲ್ಲಿ ಗೆದ್ದೆಯೋ ಸೋತೆಯೋ, ಮುಗಿದ ಮೇಲೆ ಊರಿಗೆ ಬಾ. ಬಾಗಿಲು ತೆರೆಯುವವನು ಅವನೇ. ಅವನ ಮುಖ ನೋಡಿ ಮೊದಲ ನಮಸ್ಕಾರ ಅವನಿಗೆ ಮಾಡು, ಆಮೇಲೆ ನನಗೆ.